ಹುರಿದ ತಂಬಾಕಿನ ವಾಸನೆ

ಹಂಚಿನ ಮೇಲೆ ಏನಾದರೂ ಸೀದರೆ, ಶಿವನ ದಯೆಯಿಂದ ಇನ್ನೂ ಗಟ್ಟಿಯಿರುವ ನನ್ನ ಹಲ್ಲುಗಳ ಮೇಲೆ ನಾಲಗೆ ಆಡಿಸಿ ನೋಡಿಕೊಳ್ಳುತ್ತೇನೆ.

ಶಲವಡಿಯ ನಮ್ಮ ಮನೆಯಲ್ಲಿ ಹೆಂಗಸರು ತಂಬಾಕು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಿದ್ದರು. ನನಗೆ ಹೊಸ ಹಲ್ಲು ಬಂದಾಗ ಒಂದು ಮಧ್ಯಾಹ್ನ ಅಜ್ಜಿ ಆ ಬಿಸಿ ಕರಿಪುಡಿಯನ್ನು ನನ್ನ ಅಂಗೈಗೆ ಹಾಕಿದಳು.

"ತಿಕ್ಕ ಬೇ, ಹಲ್ಲು ಕಲ್ಲಾಗ್ತಾವು. ನಿಮ್ಮವ್ವಗೂ ನಾನೇ ಕಲಿಸೀನಿ."

ಎಂದೂ ಎದುರಾಡದ ಅವ್ವ ಓಡಿಬಂದು ನನ್ನ ಕೈಗೆ ಹೊಡೆದಳು. ಪುಡಿ ನೆಲಕ್ಕೆ ಚೆಲ್ಲಿತು.

"ನನ್ನ ಬಾಯಿ ಹಾಳಾಗಿದ್ದ ಸಾಕ್ರಿ ಅತ್ತಿ. ಇಕಿಗೆ ಬ್ಯಾಡ."

"ಹಲ್ಲಿಲ್ಲದಾಕಿಗೆ ಮಾತು ಬಾಳ," ಎಂದಳು ಅಜ್ಜಿ.

ಊಟಕ್ಕೆ ಕೂತಾಗ ಖಡಕ್ ರೊಟ್ಟಿ ನನ್ನ ತಾಟಿಗೆ ಬಂತು. ಅವ್ವ ತನ್ನದನ್ನು ಸಾರಿನಲ್ಲಿ ನೆನೆಯಲು ಇಟ್ಟು, ನಾನು ಕಟಕಟ ಅಗಿಯುವುದನ್ನೇ ನೋಡುತ್ತ ಕೂತಳು. ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ.