ಖಾಲಿ ಒರೆ

ಮೂಗರ್ಜಿ ತಲುಪಿ ನಾಲ್ಕು ದಿನವಾಗಿತ್ತು. ಇಷ್ಟು ಹೊತ್ತಿಗೆ ಗಿರಿಜಮ್ಮ ಹೆದರಿ ನೀರಾಗಿರಬೇಕು ಎಂದುಕೊಳ್ಳುತ್ತ ರಂಗಸಾಮಿ ಕೊಯಮತ್ತೂರಿನ ಆ ಮನೆಯ ಗೇಟು ತೆಗೆದ. ‘ನಿಮ್ಮ ಮನೆಯಲ್ಲಿ ಲೈಸೆನ್ಸಿಲ್ಲದ ಆಯುಧವಿದೆ, ಪೊಲೀಸರಿಗೆ ಗೊತ್ತಾಗಿದೆ’ ಎಂದು ತಮಿಳಿನಲ್ಲಿ ಟೈಪು ಮಾಡಿಸಿ, ಗುರುತು ಸಿಗದಿರಲೆಂದು ದೂರದ ವೆಳ್ಳಕೋಯಿಲಿಗೆ ಹೋಗಿ ಅಂಚೆಗೆ ಹಾಕಿ ಬಂದವನು ಅವನೇ.

ಆಯುಧವೆಂದರೆ ಒಂದು ಬಯೊನೆಟ್, ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ. ನೂರು ವರ್ಷಕ್ಕೂ ಹಿಂದೆ ಅರ್ಜೆಂಟೀನಾದ ಸೈನ್ಯ ಜರ್ಮನಿಯವರಿಗೆ ಗುತ್ತಿಗೆ ಕೊಟ್ಟು ಮಾಡಿಸಿದ್ದು. ಊಟಿಯ ಬಂಗಲೆಯೊಂದರ ಸಾಮಾನು ಮೆಟ್ಟುಪಾಳ್ಯಂನಲ್ಲಿ ಹರಾಜಾದಾಗ ಕತ್ತಿ ಗಿರಿಜಮ್ಮನ ಗಂಡ ನಂಜುಂಡಪ್ಪನ ಪಾಲಾಯಿತು. ಬೇರೆ ಪೆಟ್ಟಿಗೆಯಲ್ಲಿದ್ದ ಅದರ ಒರೆ ರಂಗಸಾಮಿಗೆ ಬಂತು. ಎರಡರ ಮೇಲೂ ಒಂದೇ ನಂಬರು. ಹೊರದೇಶಕ್ಕೆಂದು ಮಾಡಿದ ಬಯೊನೆಟ್ ಕೂಡಿಡುವ ಹುಚ್ಚಿದ್ದ ಈ ಇಬ್ಬರಿಗೂ ನಂಬರು ಕೂಡಿದ ಜೋಡಿಯೆಂದರೆ ಪ್ರಾಣ. ನೀನು ಕೊಡು ಎಂದು ಇವನು, ನೀನೇ ಕೊಡು ಎಂದು ಅವನು. ಹದಿನೆಂಟು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ನಂಜುಂಡಪ್ಪ ಸತ್ತ ಸುದ್ದಿ ಬಂದಾಗ ರಂಗಸಾಮಿಗೆ ಮೊದಲು ನೆನಪಾದದ್ದು ಆ ಕತ್ತಿಯೇ. ಮಣ್ಣು ಮಾಡುವುದಕ್ಕೂ ಹೋಗಿರಲಿಲ್ಲ ಪುಣ್ಯಾತ್ಮ. ಈಗ ಮಾತ್ರ ಒರೆಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ.

ಗಿರಿಜಮ್ಮ ಕಾಫಿ ತಂದುಕೊಟ್ಟಳು. ಕೊಟ್ಟವಳೇ ಬಾಗಿಲಿನಾಚೆ ಬೀದಿಯತ್ತ ಇಣುಕಿ ನೋಡಿದಳು. ರಂಗಸಾಮಿಗೆ ಒಳಗೊಳಗೇ ಖುಷಿಯಾಯಿತು.

“ಏನಮ್ಮಣಿ, ಮುಖ ಹಿಂಗೆ ಬಾಡಿಹೋಗದೆ?”

“ಯಾರೋ ಅಂಚೇಲಿ ಕಡುದಾಸಿ ಹಾಕವ್ರೆ ಅಣ್ಣ. ಆ ಕತ್ತಿಗೋಸ್ಕರ ಪೊಲೀಸ್ ಬರ್ತಾರಂತೆ.”

“ಅದ್ಯಾಕೆ ಬೇಕು ನಿಂಗೆ ತೊಂದರೆ? ನಂಗೆ ಕೊಟ್ಬುಡು. ಬರೋದು ನನ್ ತಲೆ ಮೇಲೇ ಬರ್ಲಿ.”

“ನಂಗೂ ಅದೇ ಬಯ ಆಗಿದ್ದು” ಎಂದಳು ಗಿರಿಜಮ್ಮ. “ನೆನ್ನೆನೇ ಭೂಪತಿಯವ್ರ ಪಂಪ್ ಫೌಂಡ್ರಿಗೆ ತಕ್ಕೊಂಡೋಗಿ ಕಬ್ಬಿಣ ಕರಗಿಸೋ ಉಲೆಗೆ ಹಾಕಿಸ್ಬುಟ್ಟೆ. ಪೂರಾ ಕರಗೋ ತನಕ ಅಲ್ಲೇ ನಿಂತಿದ್ದೆ.”

ರಂಗಸಾಮಿಗೆ ಈ ಹೆಂಗಸಿನ ಕತ್ತು ಹಿಸುಕಬೇಕೆನ್ನಿಸಿತು. ಕಾಫಿ ಲೋಟವನ್ನು ಕುಕ್ಕಿಟ್ಟು ಎದ್ದುನಿಂತ.

“ಯಾರನ್ನ ಕೇಳಿ ಕರಗಿಸ್ದೆ? ನಿಂದಾ ಅದು?”

“ನಂದಲ್ಲ ಅಣ್ಣ” ಎಂದಳು ಅವಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. “ನಿಮ್ದೇ. ಜಗಳ ಸಾಕು, ಹದಿನಾರನೇ ದಿನದ ಕರ್ಮ ಕಳೆದ ಮೇಲೆ ನೀನೇ ಹೋಗಿ ಅವನ ಕೈಗೆ ಕೊಟ್ಟು ಬಾ ಅಂತ ಸಾಯೋ ಮುಂಚೆ ಅವ್ರು ಹೇಳಿದ್ರು. ನಾಳೆಗೆ ಹದಿನಾರು. ಕೊಟ್ಟ ಮೇಲೆ ಪೊಲೀಸ್ನೋರು ನಿಮ್ಮನ್ನ ಹಿಡ್ಕೊಂಡೋದ್ರೆ ಅಂತಲೇ ಕರಗಿಸ್ಬುಟ್ಟೆ.”