ನೀಲಿ ಬಂದರೆ ಮುಟ್ಟಬೇಡ

ಮತ್ತೆ ನೀಲಿ. ಮಂದಾಕಿನಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಬೇಳೆ ಉಕ್ಕೀತೆಂದು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರಿನ ಪರದೆ ತುಂಬ ನೀಲಿ, ಅದರ ಮೇಲೆ ಅರ್ಥವಾಗದ ಬಿಳಿ ಅಕ್ಷರಗಳು. ತಾನು ಬೆನ್ನು ತಿರುಗಿಸುವುದನ್ನೇ ಈ ಯಂತ್ರ ಕಳ್ಳಬೆಕ್ಕಿನ ಹಾಗೆ ಕಾಯುತ್ತದೆಯೇನೋ ಎನ್ನಿಸಿತು. ನೀಲಿ ಬಂದರೆ ಯಂತ್ರ ಕೆಟ್ಟಿತೆಂದು ತಿಳಿ ಎಂದಿದ್ದ ಗಂಡ ಹೇಳಿಕೊಟ್ಟಂತೆ ಮೌಸು, ಕೀಬೋರ್ಡು ಯಾವುದನ್ನೂ ಮುಟ್ಟದೆ ಸೀದಾ ಗೋಡೆಯ ಸ್ವಿಚ್ಚು ಆರಿಸಿದಳು. ಬೆಳಗಿನಿಂದ ಟೈಪು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಸಂಜೆ ಮಾದಾಪುರದ ಸಾಫ್ಟ್‌ವೇರ್ ಕಚೇರಿಯಿಂದ ಬಂದ ಬಸವರಾಜ ಅಂಗಿ ಕೂಡ ಬಿಚ್ಚದೆ ಸ್ಕ್ರೂಡ್ರೈವರ್ ಹಿಡಿದು ಕೂತ. ಮೆಮೊರಿ ಬದಲಾಯಿಸಿಯಾಗಿತ್ತು. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಯೂ ಆಗಿತ್ತು. ಈಗ ಫ್ಯಾನಿನ ಧೂಳು ಊದಿದ. ಆಮೇಲೆ ತಾನೇ ಬಹಳ ಹೊತ್ತು ಅದರ ಮುಂದೆ ಕೂತು ಕೆಲಸ ಮಾಡಿದ. ಯಂತ್ರ ತೆಪ್ಪಗಿತ್ತು.

“ನಾ ಕುಂತಾಗ ಒಮ್ಮಿಯರ ಬಂದೈತೇನು?”

ಬಂದಿರಲಿಲ್ಲ. ಅದೇ ಅವಳನ್ನು ಕುಗ್ಗಿಸುತ್ತಿದ್ದುದು.

“ನಾ ಏನೂ ಮಾಡಿಲ್ಲರಿ. ಬ್ಯಾಳಿ ನೋಡಾಕ ಎದ್ದಿದ್ದೆ, ಅಷ್ಟ.”

“ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ,” ಎಂದು ನಕ್ಕ.

ನಮ್ಮಾಕಿ ಮುಟ್ಟಿದರೆ ಮಷಿನ್ನಿಗೆ ಜ್ವರ ಬರುತ್ತದೆ ಎಂದು ಎದುರುಮನೆಯ ಅಂಬುಬಾಯಿಯ ಮುಂದೆಯೂ ಅವನು ನಕ್ಕಿದ್ದ. ಅಂದಿನಿಂದ ಮಂದಾಕಿನಿ, ಅಂಬುಬಾಯಿ ಒಳಗೆ ಹೋದ ಮೇಲೆಯೇ ಬಟ್ಟೆ ಒಣಹಾಕಲು ಹೊರಗೆ ಬರುತ್ತಿದ್ದಳು.

ಸೋಮವಾರ ಸಿಕಂದರಾಬಾದಿನ ಒಂದು ಕಂಪನಿಯಲ್ಲಿ ಅವಳಿಗೆ ಪರೀಕ್ಷೆ. ಅಮೆರಿಕದ ಡಾಕ್ಟರುಗಳ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡುವ ಕೆಲಸ. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಆ ವರ್ಷ ತರಬೇತಿಗೆ ಸೇರಿ, ಇಡೀ ತರಗತಿಗೆ ಅವಳೇ ಮೊದಲು ಬಂದಿದ್ದಳು. ಮದುವೆಯಾದಾಗಿನಿಂದ ತನಗೆಂದು ಅವಳು ಬಯಸಿದ್ದು ಇದೊಂದನ್ನೇ.

“ಹೋಗು, ನಾ ಬ್ಯಾಡ ಅನ್ನಂಗಿಲ್ಲ,” ಬಸವರಾಜ ಮೆತ್ತಗೆ ಹೇಳಿದ. “ಆದರ ಅಲ್ಲಿ ಎಲ್ಲಾರ ಮುಂದ ನೀಲಿ ಬಂತಂದರ ಏನು ಮಾಡ್ತಿ?”

ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಮನೆಯ ಯಂತ್ರವನ್ನೇ ಬಾಳಿಸಲಾಗದವಳು ಇನ್ನೊಬ್ಬರದನ್ನು ಹೇಗೆ ಮುಟ್ಟುವುದು?

“ಹೋಗಂಗಿಲ್ಲ ಬಿಡ್ರಿ.”

ಅವನು ಸಮಾಧಾನ ಹೇಳಿದ. ತಾನೇ ಕೆಳಗಿಳಿದು ಹೋಗಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದ. ಇಂಥ ಗಂಡನಿಗೆ ತನ್ನಿಂದ ದಿನಾ ಇದೇ ರಗಳೆಯಾಯಿತಲ್ಲ ಎಂದುಕೊಂಡು ತನ್ನ ಪಾಲಿನ ಮಿರ್ಚಿಯನ್ನೂ ಅವನ ತಟ್ಟೆಗೇ ಹಾಕಿದಳು.

ಭಾನುವಾರ ಅವನು ಕ್ಷೌರಕ್ಕೆ ಹೋಗಿದ್ದ. ಬಿಟ್ಟೆನೆಂದರೂ ಬೆರಳು ಕೇಳಬೇಕಲ್ಲ, ಮಂದಾಕಿನಿ ಮತ್ತೆ ಟೈಪಿಗೆ ಕೂತಳು. ಅರ್ಧ ಪುಟವಾಗುವಾಗ ಬಾಗಿಲ ಗಂಟೆ ಸದ್ದು ಮಾಡಿತು. ಗಂಡನ ಕಚೇರಿಯ ಋಷಭ್, ಬೆಂಗಳೂರಿನವನು. ತಂಗಿಯ ನಿಶ್ಚಿತಾರ್ಥದ ಸಿಹಿ ಕೊಡಲು ಬಂದಿದ್ದ. ಅವನನ್ನು ಕೂರಿಸಿ, ಚಹಾ ಮಾಡಿ ತಂದಳು.

ಪರದೆಯ ತುಂಬ ನೀಲಿ.

ಗಂಡನ ಕಚೇರಿಯವನ ಎದುರೇ ಇದ್ದಬಿದ್ದ ಮಾನ ಹೋಯಿತು. ಚಹಾದ ಕಪ್ಪು ಕೆಳಗಿಟ್ಟು, ಪರದೆಗೆ ಅಡ್ಡ ನಿಂತು, ಸ್ವಿಚ್ಚಿಗೆ ಕೈ ಚಾಚಿದಳು.

“ನಾ ಮುಟ್ಟಿದರ ಹಿಂಗ ಆಗತೈತ್ರಿ. ಅವರ ಮುಂದ ಹೇಳಬ್ಯಾಡ್ರಿ.”

“ತಡೀರಿ ಅತ್ತಿಗೆ.” ಋಷಭ್ ಮೌಸನ್ನು ಒಂದಿಷ್ಟು ಅಲುಗಿಸಿದ.

ನೀಲಿ ಮಾಯವಾಯಿತು. ಅವಳ ಅರ್ಧ ಪುಟ ಒಂದಕ್ಷರವೂ ಅಳಿಯದೆ ಅಲ್ಲೇ ಇತ್ತು.

“ಇದು ಕೆಟ್ಟಿದ್ದಲ್ಲ, ಸ್ಕ್ರೀನ್‌ಸೇವರ್,” ಎಂದು ಅವನು ನಕ್ಕ. “ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ತಾನಾಗೇ ಬರೋ ಸುಳ್ಳು ನೀಲಿ. ಯಾರಾದ್ರೂ ಬೇಕೂಂತ ಹಾಕಿದ್ರೆ ಮಾತ್ರ ಬರುತ್ತೆ. ಆಫೀಸಲ್ಲಿ ಟೀಗೆ ಎದ್ದು ಹೋಗುವಾಗ ನಾವೆಲ್ಲ ಹಾಕಿಟ್ಟು ಹೋಗ್ತೀವಿ. ಮಷಿನ್ ಕೆಟ್ಟಿದೆ ಅಂತ ಮ್ಯಾನೇಜರ್ ನಂಬ್ತಾರೆ.”

ಮೆಟ್ಟಿಲ ಮೇಲೆ ಬಸವರಾಜನ ಚಪ್ಪಲಿಯ ಸದ್ದು ಕೇಳಿಸಿತು. ಮಂದಾಕಿನಿ ಸ್ವಿಚ್ಚಿನಿಂದ ಕೈ ತೆಗೆದಳು.

“ನಿಮಗ ಇದನ್ನ ಯಾರು ಕಲಿಸಿದರು?”

“ಇನ್ಯಾರು ಅತ್ತಿಗೆ, ನಿಮ್ಮನೆಯವರೇ.”