ಲಾಫಬಲ್ ಆಫೀಸರ್

ಬೀಳ್ಕೊಡುಗೆಯ ಹಿಂದಿನ ಸಂಜೆ ಜನಾರ್ದನ ಮನೆಗೆ ಬಂದವನೇ ಚೀಲದಿಂದ ಒಂದು ಕಾರ್ಡು ತೆಗೆದು ಮಗಳ ಮುಂದೆ ಹಿಡಿದ. ಕೊಚ್ಚಿಯ ಕಲೂರಿನಲ್ಲಿ ಆರು ವರ್ಷ ಬ್ಯಾಂಕ್ ಆಫೀಸರನಾಗಿದ್ದವನಿಗೆ ತಿರುವನಂತಪುರದ ಪಟ್ಟಂಗೆ ವರ್ಗವಾಗಿತ್ತು. ಕಾರ್ಡು ಕೊಟ್ಟವಳು ಅಟೆಂಡರ್ ಓಮನ. ಗುಂಡಗಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲೇ ಬರೆದಿದ್ದಳು: ನಮ್ಮ ಶಾಖೆಯ ಅತ್ಯಂತ 'ಲಾಫಬಲ್' ಆಫೀಸರ್ ಜನಾರ್ದನ ಸಾರ್ ಅವರಿಗೆ.

"ನೋಡವಾ, ನಿಮ್ಮಪ್ಪನ ಜೋಕಿಗೆ ಸರ್ಟಿಫಿಕೇಟ್ ಸಿಕ್ಕೈತಿ," ಎಂದ ಧಾರವಾಡದ ಜನಾರ್ದನ, ಎದೆ ಉಬ್ಬಿಸಿ.

ಹತ್ತನೇ ಕ್ಲಾಸಿನ ಪ್ರತೀಕ್ಷಾಗೆ ಅಪ್ಪನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವತ್ತು ವಿಷಯ ಗಂಭೀರ ಅನ್ನಿಸಿ ಕನ್ನಡಕ್ಕೇ ಕೈ ಹಾಕಿದಳು.

"ಅಪ್ಪಾ, ಹ್ಯೂಮರಸ್ ಅಂದ್ರೆ ನೀವು ನಗಿಸೋದು. ಲಾಫಬಲ್ ಅಂದ್ರೆ ನಿಮ್ಮನ್ನ ನೋಡಿ ನಗೋದು. ದಟ್ಸ್ ನಾಟ್ ನೈಸ್."

"ಅಂದ್ರ ನಾ ನಗಸಾಂವ ಅಲ್ಲ, ನಗಿಪಾಟಲಾದಾಂವ?"

ಆ ರಾತ್ರಿ ಜನಾರ್ದನನಿಗೆ ಊಟ ಸೇರಲಿಲ್ಲ. ಕೊಚ್ಚಿಗೆ ಬಂದ ಮೊದಲ ವಾರ ಅವನು ಮ್ಯಾನೇಜರ್ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು "ಪಟ್ಟಿ ಎವಿಡೆ?", ಅಂದರೆ ಪಟ್ಟಿ ಎಲ್ಲಿ, ಎಂದು ಕೇಳಿದ್ದ. ಬೇಕಾಗಿದ್ದದ್ದು ಗ್ರಾಹಕರ ಹೆಸರಿನ ಪಟ್ಟಿ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಇಡೀ ಶಾಖೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆಮೇಲೆ ಬೇಕೆಂದೇ ತಪ್ಪು ಮಲಯಾಳ ಮಾತಾಡಿ ಆರು ವರ್ಷವೂ ಎಲ್ಲರನ್ನೂ ನಗಿಸಿದೆ ಎಂದು ಅವನು ಬೀಗಿದ್ದ. ಈಗ ನೋಡಿದರೆ ಕಥೆಯೇ ಬೇರೆ. ತನ್ನವರು ಅಂದುಕೊಂಡವರು ಬೆನ್ನ ಹಿಂದೆ ಏನೇನು ಆಡಿಕೊಂಡಿದ್ದಾರೋ. ಪಾಪ, ಮನುಷ್ಯನಿಗೆ ನಿಜವಾಗಿಯೂ ನೋವಾಗಿತ್ತು.

ಮಾರನೇ ದಿನ ಯಾರೊಂದಿಗೂ ಮಾತಾಡದೆ ಡ್ರಾಯರ್ ಖಾಲಿ ಮಾಡುತ್ತ ಕುಳಿತ. ಓಮನ ಚಹಾ ತಂದಿಟ್ಟಳು. ಅವನಿಗೆ ತಿಳಿಯಲೆಂದು ಮಲಯಾಳವನ್ನು ಬಿಡಿಸಿ ಬಿಡಿಸಿ ಆಡುವುದು ಅವಳಿಗೆ ರೂಢಿ.

"ಸಾರೇ, ಹುಷಾರಿಲ್ಲವಾ? ಬೆಳಗಿನಿಂದ ಒಂದು ತಪ್ಪು ಮಲಯಾಳವೂ ಕೇಳಿಸಲಿಲ್ಲ."

ಅವನು ತಡೆಯಲಾರದೆ ಕಾರ್ಡನ್ನು ಅವಳ ಮುಂದಿಟ್ಟ. "ಓಮನ ಚೇಚಿ, ಈ ಲಾಫಬಲ್ ಅಂದರೆ ಏನು?"

"ಸಾರಿಗೆ ಗೊತ್ತಿಲ್ಲವೇ?" ಓಮನ ಹಿಗ್ಗಿದಳು. "ಬಟ್ಟೆಯ ಮೇಲೆ ವಾಷಬಲ್ ಅಂತ ಬರೆದಿರುತ್ತದಲ್ಲ, ಹೆದರದೆ ಒಗೆಯಬಹುದು ಅಂತ. ಹಾಗೇ ಲಾಫಬಲ್. ಹೆದರದೆ ನಗಬಹುದು. ನಾನೇ ಯೋಚನೆ ಮಾಡಿ ಬರೆದದ್ದು."

ಜನಾರ್ದನ ಕಾರ್ಡನ್ನು ಎತ್ತಿಕೊಂಡು ಮತ್ತೊಮ್ಮೆ ಓದಿದ.

"ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಆಫೀಸರುಗಳಿಗೆ ಚಹಾ ಕೊಟ್ಟಿದ್ದೇನೆ. ನೀವು ನಾಯಿ ಹುಡುಕಿಕೊಂಡು ಬಂದ ದಿನ ನಾನು ನಕ್ಕುಬಿಟ್ಟೆ. ಕೆಲಸ ಹೋಯಿತು ಅಂತಲೇ ತಿಳಿದೆ. ನೋಡಿದರೆ ನೀವು ನನಗಿಂತ ಜೋರಾಗಿ ನಗುತ್ತಿದ್ದಿರಿ." ಅವನ ಮುಖ ನೋಡಿ ಅವಳಿಗೆ ಅನುಮಾನ ಬಂತು. "ಇಂಗ್ಲಿಷ್ ತಪ್ಪಾಗಿದೆಯಾ ಸಾರೇ? ಪೆನ್ನು ಕೊಡಿ, ತಿದ್ದಿಕೊಡುತ್ತೇನೆ."

"ಬೇಡ, ಸರಿಯಾಗಿದೆ," ಎಂದು ಜನಾರ್ದನ ಕಾರ್ಡನ್ನು ಅಂಗಿಯ ಜೇಬಿಗೆ ಸೇರಿಸಿದ. ಮಾತು ಬದಲಿಸಲೆಂದು, "ನನ್ನ ಜಾಗಕ್ಕೆ ಬರುವವರು ನಿನ್ನೆ ನಾನು ಹೋದ ಮೇಲೆ ಬಂದಿದ್ದರಂತಲ್ಲ, ಹೇಗಿದ್ದಾರೆ?" ಎಂದು ಕೇಳಿದ.

ಓಮನ ಮೇಜಿನ ಅಂಚು ಒರೆಸಿದಳು. "ಒಳ್ಳೆಯವರೇ. ಮಲಯಾಳ, ಇಂಗ್ಲಿಷ್ ಎರಡೂ ಚೆನ್ನಾಗಿ ಬರುತ್ತವೆ," ಎಂದಳು. "ಆದರೆ ಲಾಫಬಲ್ ಅಲ್ಲ, ಸಾರೇ."